ಫ್ಲೂ ವೈರಸ್ಸಿನ ಕಿಂಡಿ, ದುಧನಿಯ ಬೀಗರು

ತೊಂಬತ್ತರ ದಶಕದ ನಡುವೆ ನಾನು ಅಕ್ಕಲಕೋಟದಿಂದ ದಿನಾ ಬಸ್ಸಿನಲ್ಲಿ ಸೋಲಾಪುರಕ್ಕೆ ಹೋಗಿ ಎಂ.ಎಸ್ಸಿ. ಓದುತ್ತಿದ್ದೆ. ಬಸ್ಸು ತಪ್ಪೀತೆಂಬ ಚಿಂತೆ, ಸಿಕ್ಕರೆ ಉರುಳೀತೆಂಬ ಚಿಂತೆ. ಆ ವಾರದ ಚಿಂತೆ ಮಾತ್ರ ಗಟ್ಟಿಯದು: ಸೋಮವಾರ ನನ್ನ ಸೆಮಿನಾರು, ಅದರ ಹಿಂದಿನ ದಿನವೇ ದುಧನಿಯಿಂದ ವರನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ಒಪ್ಪಿದರೆ ಅಂದಿನಿಂದಲೇ ಓದು ಬಂದ್, ಒಪ್ಪದಿದ್ದರೆ ಮುಂದುವರಿಯಲಿ ಎಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದರು. ಲಗ್ನಕ್ಕೆ ಮಾತು ಕೊಟ್ಟ ಹುಡುಗಿ ಬಸ್ಸಿನಲ್ಲಿ ತಿರುಗಬಾರದಂತೆ. ಹೀಗಾಗಿ, ನಾನು ಅವರಿಗೆ ಹಿಡಿಸದಿರಲಿ ಎಂದು ದೇವರಿಗೆ ಬೇಡಿಕೊಂಡೆ. ಕನ್ನಡಿ ನೋಡಿಕೊಂಡಾಗ ಧೈರ್ಯ ಬಂತು.

ವರನ ತಾಯಿ ನನ್ನನ್ನು ಆಚೀಚೆ ನಡೆಸಿ ನೋಡಿದರು, ಜಡೆ ಎಳೆದು ಸ್ವಂತದ್ದೇ ಎಂದು ಖಾತ್ರಿ ಮಾಡಿಕೊಂಡರು. ಬಣ್ಣ ಕಮ್ಮಿ ಎಂದು ಗಂಡನಿಗೆ ಮರಾಠಿಯಲ್ಲಿ ಹೇಳಿದರು, ನಮಗೆ ಆ ಭಾಷೆ ಬಾರದು ಎಂಬಂತೆ. ವರ ತಲೆ ತಗ್ಗಿಸಿ ಅವಲಕ್ಕಿ ತಿನ್ನುತ್ತಿದ್ದರು. ಏನು ಓದುತ್ತೀ ಎಂದು ಅವರ ತಂದೆ ಕೇಳಿದರು. ಅಡುಗೆಮನೆಯ ಬಾಗಿಲಲ್ಲಿ ಅವ್ವ ಕಣ್ಣು ಕೆಕ್ಕರಿಸಿದಳು. ನಾನು ಇಡೀ ಸೆಮಿನಾರನ್ನೇ ಬಿಚ್ಚಿದೆ.

ಫ್ಲೂ ಜ್ವರದ ವೈರಸ್ಸಿನ ಹೊದಿಕೆಯಲ್ಲಿ ಒಂದು ಪುಟ್ಟ ಪ್ರೋಟೀನು. ಅಂಥವು ನಾಲ್ಕು ಕೂಡಿದರೆ ಒಂದು ಕಿಂಡಿ. ವೈರಸ್ಸು ನಮ್ಮ ಜೀವಕೋಶದೊಳಗೆ ಹೊಕ್ಕಾಗ ಆ ಕಿಂಡಿಯಿಂದ ಆಮ್ಲ ಒಳಗಿಳಿದು ಅದರ ಗಂಟು ಬಿಚ್ಚುತ್ತದೆ. ಕಿಂಡಿ ಮುಚ್ಚುವ ಗುಳಿಗೆ ಉಂಟು. ಆದರೆ ಪ್ರೋಟೀನಿನಲ್ಲಿ ಒಂದೇ ಒಂದು ಕೊಂಡಿ ಬದಲಾದ ವೈರಸ್ಸುಗಳಿಗೆ ಗುಳಿಗೆ ತಾಗದು. ಅವೇ ಉಳಿದು ಸಂಸಾರ ಬೆಳೆಸುತ್ತವೆ. ನಮ್ಮ ಜೀವಕೋಶಗಳ ಕಿಂಡಿಗಳನ್ನು ಇದು ಹೋಲುವುದಿಲ್ಲ. ಹಾಗಾದರೆ ಹಿಂದೆಂದೋ ಯಾವುದೋ ಜೀವಿಯಿಂದ ಕದ್ದದ್ದೋ, ತಾನೇ ಕಟ್ಟಿಕೊಂಡದ್ದೋ, ಯಾರಿಗೂ ಗೊತ್ತಿಲ್ಲ.

"ನಿಮ್ಮ ಮಾಸ್ತರಗೂ ಗೊತ್ತಿಲ್ಲೇನವಾ?" ಎಂದರು ವರನ ತಂದೆ.

"ಇಲ್ರಿ."

ವರನ ತಾಯಿ ಬಾಯಿಗೊಯ್ದ ಚಮಚವನ್ನು ತಟ್ಟೆಗೆ ಇಳಿಸಿದರು. "ಅದನ್ನ ಮುಟ್ಟಿದ ಕೈಲೇ ಅವಲಕ್ಕಿ ಕಲಸಿದೇನ?"

ನಮ್ಮ ಕಾಲೇಜಿನಲ್ಲಿ ವೈರಸ್ಸು ಇರಲೇ ಇಲ್ಲ. ನಾನು ಮುಟ್ಟಿದ್ದು ಬರೀ ಝೆರಾಕ್ಸ್ ಹಾಳೆ.

"ಸಾಬಾಣ ಹಚ್ಚಿ ತೊಳಕೋತೀವ್ರಿ," ಎಂದೆ. "ಆದ್ರೂ ಹೇಳಾಕ ಬರೂದಿಲ್ಲ."

ಆಕೆ ತಟ್ಟೆಯನ್ನು ಕಾಲ ತುದಿಯಿಂದ ದೂರ ಸರಿಸಿದರು. ಮೂವರೂ ಎದ್ದು ಮಾತಾಡಿಕೊಳ್ಳಲು ಅಂಗಳಕ್ಕೆ ಹೋದರು. ಹೆರದೇ ಹೋಗಿದ್ದರೆ ಚಲೋ ಇತ್ತು ಎಂದು ಅವ್ವ ಒಳಗಿನಿಂದಲೇ ಅಂದಳು. ಅಪ್ಪ ನನ್ನ ಕಡೆ ನೋಡಲಿಲ್ಲ. ನಾನು ಮಾತ್ರ ಆಗಲೇ ಸೋಮವಾರದ ಚಿಂತೆಗೆ ಇಳಿದಿದ್ದೆ: ಯಾವ ಸೀರೆ ಉಡುವುದು, ಪ್ರಶ್ನೆ ಕೇಳಿದರೆ ಏನು ಹೇಳುವುದು.

ಅವರು ತಿರುಗಿ ಬಂದರು. "ಹುಡುಗಿ ಶಾಣ್ಯಾಕಿ ಅದಾಳ್ರಿ," ಎಂದು ವರನ ತಂದೆ ಅಪ್ಪನಿಗೆ ಹೇಳಿದರು. "ನಮಗ ಒಪ್ಪಿಗಿ ಅದ. ಲಗ್ನ ಆದಮ್ಯಾಲ ಇದೆಲ್ಲಾ ತಾನ ಮರೀತಾಳ."

"ಮೊದಲ ಅಡಗಿಗೆ ಹಚ್ಚೂದಿಲ್ರಿ," ಎಂದರು ತಾಯಿ. "ಒಂದಷ್ಟು ದಿನ ಭಾಂಡಿ ತಿಕ್ಕಲಿ. ಬೂದ್ಯಾಗ ಕೈ ಸ್ವಚ್ಛ ಆಗ್ತಾವ."

ಒಪ್ಪಿಗೆಯ ಸಕ್ಕರೆಯನ್ನು ಆಕೆಯೇ ನನ್ನ ಬಾಯಿಗೆ ಹಾಕಬೇಕು. ಬಾಯಿ ಮೇಲೆತ್ತಲು ಹೇಳಿ, ಚಮಚ ತುಟಿಗೆ ತಾಗದಂತೆ ಎತ್ತರದಿಂದ ಸುರಿದರು. ಅರ್ಧ ಮೂಗಿಗೆ ಹೋಯಿತು.

ನಾನು ಸೀನುತ್ತಿದ್ದಂತೆ ಅಪ್ಪ ಬಸ್ಸಿನ ಪಾಸು ಕೇಳಿ ಇಸಿದುಕೊಂಡರು. ಬೀಗರು ಹೊಸ್ತಿಲು ದಾಟಿದ ಮೇಲೆ ಅವ್ವ ಎಂಜಲು ತಟ್ಟೆಗಳನ್ನೆಲ್ಲ ನನ್ನ ಮುಂದೆ ತಂದು ಸುರಿದಳು, ರೂಢಿಯಾಗಲಿ ಎಂದು.