ಮಾನ್ವಿಯ ಎಡಗೈ ಟೈಲರ್

ಮಾನ್ವಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಟೈಲರ್ ನಾಗವೇಣಿಯ ಮನೆಯನ್ನು ಹುಡುಕಬೇಕಾಗಿಲ್ಲ. ಹೊಲಿಗೆ ಮಷೀನಿನ ಸದ್ದಿಗಿಂತ ಅವಳ ಮಾತಿನ ಸದ್ದೇ ಮೊದಲು ಬೀದಿಗೆ ಬಂದು ನಿಂತಿರುತ್ತದೆ. ಅಳತೆ ಕೊಡಲು ಬಂದವರ ಜೊತೆ ಮಾತು, ಯಾರೂ ಬರದಿದ್ದರೆ ಬಟ್ಟೆಯ ಜೊತೆ ಮಾತು, ದಾರ ಕಡಿದರೆ ದಾರದ ಜೊತೆ ಜಗಳ. ಗಂಡ ವಿನೋದ ಕಾಲೇಜೊಂದರಲ್ಲಿ ಅಟೆಂಡರ್. ತನ್ನ ಪಾಲಿನ ಮಾತನ್ನೂ ಹೆಂಡತಿಗೇ ಬಿಟ್ಟುಕೊಟ್ಟು ಹಾಯಾಗಿದ್ದಾನೆ. ಇಂಥವಳಿಗೆ ಬಾಯಿ ಬಿಡದ ನಲವತ್ತು ಮಂದಿ ಗಂಟುಬಿದ್ದರು.

ಮದುವೆಗೆ ಮುಂಚೆ ಅವಳು ರಾಯಚೂರಿನ ಒಂದು ಹೊಲಿಗೆ ಅಂಗಡಿಯಲ್ಲಿ ಎರಡು ವರ್ಷ ಬರೀ ಹುಕ್ಕು ಹಚ್ಚಿದ್ದಳು. ಅಲ್ಲಿಯ ಉಸ್ತಾದ ಕತ್ತರಿ ಕೈಗೆತ್ತಿಕೊಂಡಾಗಲೆಲ್ಲ ಇವಳನ್ನು ಚಹಾ ತರಲು ಕಳಿಸುತ್ತಿದ್ದ. ಕೊನೆಗೆ ಹಳೆಯ ಜಂಪರುಗಳನ್ನು, ನಮ್ಮ ಕಡೆ ರವಿಕೆಗೆ ಹಾಗೆಯೇ ಅನ್ನುತ್ತಾರೆ, ಬಿಚ್ಚಿ ಬಿಚ್ಚಿ ನೋಡಿ ತಾನೇ ಕಟಿಂಗ್ ಕಲಿತಳು. ತಾನು ಕಲಿಸುವ ದಿನ ಬಂದರೆ ಒಂದನ್ನೂ ಮುಚ್ಚಿಡುವುದಿಲ್ಲ ಎಂದು ಆಗಲೇ ಹಟ ತೊಟ್ಟಿದ್ದಳು.

ಕಳೆದ ಬೇಸಿಗೆಯಲ್ಲಿ ಆ ದಿನ ಬಂತು. ವಿನೋದ ಕೆಟ್ಟುಹೋದ ಟೇಬಲ್ ಫ್ಯಾನಿನ ಕಂಬಕ್ಕೆ ಮೊಬೈಲ್ ಕಟ್ಟಿ, ಕತ್ತರಿಸುವ ಹಲಗೆಯ ಕಡೆ ಬಾಗಿಸಿ ನಿಲ್ಲಿಸಿಕೊಟ್ಟ. ದಿನಾ ಮಧ್ಯಾಹ್ನ ಎರಡಕ್ಕೆ ಲೈವ್. ಕಾಣುವುದು ಎರಡು ಕೈ, ಒಂದು ಕತ್ತರಿ, ಒಂದು ಟೇಪು. ಕೇಳುವುದು ನಾಗವೇಣಿಯ ದನಿ. ನೋಡುವವರು ಏನಾದರೂ ಬರೆದರೆ ತಕ್ಷಣ ತನ್ನ ಕಣ್ಣಿಗೆ ಬೀಳಲಿ ಎಂದು ಅವಳು ಸೆಲ್ಫಿ ಕ್ಯಾಮೆರಾವನ್ನೇ ಇಟ್ಟುಕೊಂಡಳು.

ಬರೆಯುವವರು ಯಾರಿದ್ದರು? ಮೊದಲ ವಾರ ಏಳು ಮಂದಿ ಬಂದರು, ತಿಂಗಳೊಪ್ಪತ್ತಿನಲ್ಲಿ ನಲವತ್ತು ದಾಟಿದರು. ಒಬ್ಬರದ್ದೂ ಒಂದಕ್ಷರವಿಲ್ಲ. "ತಿಳೀತೋ ಇಲ್ಲೋ, ಹೂಂ ಅನ್ರಿ, ಉಹೂಂ ಅನ್ರಿ" ಎಂದು ಅಂಗಲಾಚಿದಳು. ಜಂಬಣ್ಣ ಎಂಬ ಹೆಸರಿನಿಂದ ಮಾತ್ರ ದಿನಕ್ಕೊಂದು ಕೆಂಪು ಹಾರ್ಟು ತೇಲಿ ಬರುತ್ತಿತ್ತು, ಅಷ್ಟೇ. ಮನೆಗೆ ಬಂದು ಕೂತವರನ್ನು ಮಾತಾಡಿಸದೆ ಬಿಟ್ಟರೆ ನಮ್ಮ ಕಡೆ ಅದು ಅವಮಾನ. ಹಾಗಾಗಿ ನಾಗವೇಣಿ ಒಂದು ದಿನ ಪರದೆಯ ಮೇಲೆ ಕಂಡ ಹೆಸರು ಹಿಡಿದೇ ಕರೆಯತೊಡಗಿದಳು. "ಜಂಬಣ್ಣಾರ, ಬರ್ರಿ, ಊಟ ಆಯ್ತೇನ್ರಿ? ಹನುಮಂತ್ರಾಯಾರ, ಯಾವೂರ್ರಿ ನಿಮ್ಮದು?" ಕಣ್ಣು ಮಿಟುಕಿಸುವುದರಲ್ಲಿ ನಲವತ್ಮೂರು ಮಂದಿ ಹತ್ತೊಂಬತ್ತಾದರು.

ಆ ಸಂಜೆ ವಿನೋದ ಹೆಸರುಗಳನ್ನು ಒಂದೊಂದಾಗಿ ಓದಿದ. ಜಂಬಣ್ಣ, ಶಂಶುದ್ದೀನ್, ಹನುಮಂತ್ರಾಯ, ಮರಿಸ್ವಾಮಿ. ಕೆಳಗಿನತನಕ ಹೋದರೂ ಒಂದು ಹೆಣ್ಣಿನ ಹೆಸರಿಲ್ಲ. ಅತ್ತೆ ಸೂಗಮ್ಮ ಜೋಳ ಹಸನು ಮಾಡುತ್ತಿದ್ದವರು ಮೊರ ಕೆಳಗಿಟ್ಟರು.

"ನಲವತ್ತು ಮಂದಿ ಗಂಡಸರು ಮಧ್ಯಾಹ್ನ ಕುಂತು ಜಂಪರ್ ಹೊಲಿಯೋದು ಕಲೀತಾರೇನವ್ವಾ?"

ನಾಗವೇಣಿ ವಿನೋದನ ಕೈಯಿಂದ ಮೊಬೈಲ್ ಕಸಿದುಕೊಂಡು ಹೆಸರುಗಳನ್ನು ಮತ್ತೆ ಮೇಲಿಂದ ಓದಿದಳು.

ಸೂಗಮ್ಮ ಕೆಟ್ಟವರಲ್ಲ. ಗದ್ದೆಯಲ್ಲಿ ಸಸಿ ನಾಟಿ ಮಗನನ್ನು ಓದಿಸಿದವರು, ಸೊಸೆಗೆ ಮಷೀನು ಕೊಡಿಸಿದವರೂ ಅವರೇ. ಆದರೆ ಮಾತಾಡದೆ ಕೂತು ನೋಡುವ ಗಂಡಸರೆಂದರೆ ಅವರಿಗೆ ಆಗದು. "ದೇವದುರ್ಗದ ತೊಟ್ಟಿಲ ಕಾರ್ಯ ಮುಗಿಸ್ಕೊಂಡು ಬರೂಣು. ಆಮ್ಯಾಲ ಅದನ್ನ ಬಂದ್ ಮಾಡಿಬಿಡು" ಎಂದರು. ನಾಗವೇಣಿಗೂ ಹೆದರಿಕೆ ಹೊಕ್ಕಿತ್ತು. ಉಳಿದ ಮೂರು ದಿನ ಸೆರಗನ್ನು ಮುಂಗೈವರೆಗೆ ಎಳೆದುಕೊಂಡು ಬಟ್ಟೆ ಕತ್ತರಿಸಿದಳು. ಜಂಬಣ್ಣನ ಹಾರ್ಟು ಬಂದಾಗ ಮುಖ ಆಚೆ ತಿರುಗಿಸಿದಳು. ಇಷ್ಟು ದಿನ ತಾನು ಕಲಿಸಿದ್ದು ಯಾರಿಗೂ ಅಲ್ಲವೇ ಎಂದು ನೆನೆದು, ನಿಜ ಹೇಳಬೇಕೆಂದರೆ, ಒಮ್ಮೆ ಅತ್ತಳು.

ಭಾನುವಾರ ದೇವದುರ್ಗದಲ್ಲಿ ವಿನೋದನ ದೊಡ್ಡಪ್ಪನ ಮಗನ ಮನೆ. ತೊಟ್ಟಿಲಿಗೆ ಕೂಸು ಹಾಕಿ ಹೆಸರಿಟ್ಟಾದ ಮೇಲೆ ಹೆಂಗಸರ ಪಂಕ್ತಿ ಕೂತಿತು. ಬೇರೆಯವರ ಕಣ್ಣು ಎಲೆಯ ಮೇಲಿದ್ದರೆ ಟೈಲರ್ ನಾಗವೇಣಿಯ ಕಣ್ಣು ಜಂಪರುಗಳ ಮೇಲೆ. ಹುಗ್ಗಿ ಬಡಿಸುತ್ತ ಬಂದ ಹೆಂಗಸಿನ ಜಂಪರಿನಲ್ಲಿ ಏನೋ ಎಡವಟ್ಟು ಕಂಡಿತು. ಬಲಗಡೆ ಇರಬೇಕಾದ ಹುಕ್ಕು ಎಡಗಡೆ, ಎಡಗಡೆಯ ಕಾಜ ಬಲಗಡೆ. ಯಾರೋ ಹೊಸಬರು ಹೊಲಿದಿರಬೇಕು ಎಂದುಕೊಂಡಳು. ಆದರೆ ಅನ್ನ ತಂದವಳದ್ದೂ ಹಾಗೆಯೇ, ಮಜ್ಜಿಗೆ ತಂದವಳದ್ದೂ ಹಾಗೆಯೇ. ಮೂವರದ್ದೂ ಬೆನ್ನಿಗೆ ಎರಡು ಬೆರಳಿನ ಪಟ್ಟಿ, ಕಂಕುಳಲ್ಲಿ ಬಟ್ಟೆಯ ಸಣ್ಣದೊಂದು ತುಂಡು. ಆ ತುಂಡು ನಾಗವೇಣಿಯದೇ ಉಪಾಯ, ಬೇರಾರೂ ಹಾಕುವುದಿಲ್ಲ.

"ಯಕ್ಕಾ, ಈ ಜಂಪರ್ ಯಾರು ಹೊಲದಾರ?" ಎಂದು ಹುಗ್ಗಿಯವಳ ಕೈ ಹಿಡಿದಳು.

ಆ ಹೆಂಗಸು ಸೌಟು ಹಿಡಿದಂತೆಯೇ ನಿಂತುಬಿಟ್ಟಳು. "ಈ ದನಿ... ನೀವು ಎಡಗೈ ಟೈಲರಕ್ಕ ಅಲ್ಲೇನ್ರಿ? ನಾ ಬಾಜೂ ಮನಿ ಹುಲಿಗೆಮ್ಮ. ಜಂಬಣ್ಣನ ಹೇಣ್ತಿ."

ಪಕ್ಕದಲ್ಲಿ ಕೂತಿದ್ದ ಸೂಗಮ್ಮ ತುತ್ತನ್ನು ಎಲೆಗೆ ಮರಳಿ ಇಟ್ಟರು. "ದಿನಾ ಹಾರ್ಟ್ ಕಳಸೋ ಜಂಬಣ್ಣ ನೀನೇನು?"

"ನಾನೇರಿ ಯವ್ವಾ. ಫೋನ್ ಅವರದು. ಎರಡಕ್ಕ ಉಂಡು ಮಲಕೋತಾರ, ಮೂರರತನಕ ಫೋನ್ ನನ್ನ ಕೈಯಾಗ ಇರ್ತದ. ನಮ್ಮ ಓಣ್ಯಾಗ ಎಲ್ಲಾರದೂ ಹಂಗ. ಶಂಶುದ್ದೀನ್ ಅಂದ್ರ ಅವರ ಮನ್ಯಾಕಿ ಮಹಬೂಬೀ."

"ಮತ್ತ ಒಂದ್ ಮಾತರ ಬರೀಬಾರದೇನ್ರಿ?" ಎಂದಳು ನಾಗವೇಣಿ. ಅವಳ ದನಿಯಲ್ಲಿ ಇಷ್ಟು ದಿನದ ಮುನಿಸೆಲ್ಲ ಇತ್ತು.

"ಹ್ಯಾಂಗ ಬರೀಬೇಕ್ರಿ? 'ಅಕ್ಕಾ, ತೋಳು ತಿಳೀಲಿಲ್ಲ' ಅಂತ ಅವರ ಹೆಸರಿನ್ಯಾಗ ಹೋದ್ರ ದೋಸ್ತರು ಊರೆಲ್ಲಾ ನಗ್ತಾರ. ಅವತ್ತ ನೀವು 'ಜಂಬಣ್ಣಾರ, ಊಟ ಆಯ್ತೇನ್ರಿ' ಅಂದ್ರಲ್ಲ, ಮಲಗಿದವರು ಧಿಗ್ಗನ ಎದ್ದು 'ಯಾರಕಿ ನನ್ನ ಕರದಾಕಿ' ಅಂತ ಮನಿಯೆಲ್ಲಾ ಹುಡುಕಿದ್ರು."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾಗವೇಣಿ ನಕ್ಕು ಕಣ್ಣೊರೆಸಿಕೊಂಡು ಕೇಳಿದಳು, "ಅದಿರ್ಲಿ, ನಾ ಯಾವಾಗ ಎಡಗೈಯಾಕಿ ಆದೆ? ಬಲಗೈಲೇ ಉಣ್ಣಾಕತ್ತೀನಿ, ನೋಡ್ರಿ."

ಹುಲಿಗೆಮ್ಮ ಮನೆಗೆ ಹೋಗಿ ಗಂಡನ ಫೋನು ತಂದು ಹಳೆಯ ಲೈವ್ ಒಂದನ್ನು ತೋರಿಸಿದಳು. ತನ್ನ ದನಿ ಕೇಳಲು ನಾಚಿಕೆಯೆಂದು ನಾಗವೇಣಿ ಅದನ್ನು ಒಮ್ಮೆಯೂ ನೋಡಿರಲಿಲ್ಲ. ಅಲ್ಲಿ ಎಡಗೈ ಕತ್ತರಿ ಹಿಡಿದಿತ್ತು, ಬಲಗೈ ಬಟ್ಟೆ ಒತ್ತಿತ್ತು. ಸೆಲ್ಫಿ ಕ್ಯಾಮೆರಾ ಇಡೀ ಪಾಠವನ್ನು ಕನ್ನಡಿಯಂತೆ ತಿರುವಿ ಊರೂರಿಗೆ ಕಳಿಸಿತ್ತು. ಎಲ್ಲರೂ ಕಂಡಂತೆಯೇ ಹೊಲಿದಿದ್ದರು.

"ಟೇಪಿನ ಅಂಕಿ ತಿರುಗಾಮುರುಗಾ ಆಗ್ಯಾವಲ್ಲ, ಅದಾದ್ರೂ ಕಾಣಲಿಲ್ಲೇನ್ರಿ?" ಎಂದಳು ನಾಗವೇಣಿ.

"ಕಂಡಿದ್ವು. ಎಡಗೈಯವರಿಗಿ ಬ್ಯಾರೆ ಟೇಪ್ ಬರ್ತದ ಅಂತ ತಿಳ್ಕೊಂಡ್ವಿ" ಎಂದಳು ಹುಲಿಗೆಮ್ಮ. ಆಮೇಲೆ ಸಣ್ಣ ದನಿಯಲ್ಲಿ ಸೇರಿಸಿದಳು, "ಕೂಸಿಗಿ ಹಾಲು ಕುಡಸೋ ಹೊತ್ತಿನ್ಯಾಗ ಹುಕ್ಕು ಬಿಚ್ಚಾಕ ಭಾಳ ತ್ರಾಸ ಆಗ್ತದ್ರಿ. ಕವಿತಾಳದಾಗ ನಮ್ಮ ತಂಗೀದೂ ಹಂಗ ಆಗ್ಯದ."

ಮೂರು ತಾಲ್ಲೂಕಿನಲ್ಲಿ ಎಷ್ಟು ಜಂಪರು ಹೀಗೆ ತಿರುಗಿ ಕೂತಿವೆಯೋ. ಅದಕ್ಕಾಗಿ ನಾಚಿಕೊಳ್ಳಬೇಕಾದವಳು ಕುಣಿಯುವಷ್ಟು ಖುಷಿಯಲ್ಲಿದ್ದಳು. ಕಲಿಸಿದ್ದು ತಪ್ಪಾಗಿತ್ತು, ಆದರೆ ಕಲಿತವರಿದ್ದರು. ಮಾನ್ವಿಗೆ ವಾಪಸು ಬರುವ ಬಸ್ಸು ಸಿರವಾರ ದಾಟಿದ ಮೇಲೆ ಸೂಗಮ್ಮ ಒಂದೇ ಮಾತು ಅಂದರು. "ನಾಳಿ ಎರಡಕ್ಕ ಅಲ್ಲೇನು?"

ಮರುದಿನ ಮೊಬೈಲಿನ ಹಿಂದಿನ ಕ್ಯಾಮೆರಾ ಹಲಗೆಯ ಕಡೆ ತಿರುಗಿತು. ಈಗ ಪರದೆ ನಾಗವೇಣಿಗೆ ಕಾಣುವುದಿಲ್ಲ, ಆಚೆ ಬದಿಗೆ ಯಾರಾದರೂ ಕೂರಬೇಕು. ಸೂಗಮ್ಮ ಚಾಪೆ ಹಾಸಿಕೊಂಡು ಕೂತರು. "ಹೆಸರು ಓದಾಕ ನನಗ ಬರಂಗಿಲ್ಲ, ಅದ ಛಲೋ ಆತು. ಅಂಕಿ ಬರ್ತದ" ಎಂದು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವೊಂದನ್ನು ಕೈಗೆತ್ತಿಕೊಂಡರು.

"ಯಾರೂ ಏನೂ ಬರೀಬ್ಯಾಡ್ರಿ" ಎಂದು ನಾಗವೇಣಿ ಮೆಲ್ಲನೆ ಶುರುಮಾಡಿದಳು. "ನಾನೂ ಯಾರ ಹೆಸರೂ ಕರಿಯಂಗಿಲ್ಲ. ತಪ್ಪು ನಂದು, ನಿಮ್ಮ ಹುಕ್ಕು ಎಡಕ್ಕ ಬಂದಾವ. ಇವತ್ತ ಬಿಚ್ಚಿ ತಿರುಗಿ ಹಚ್ಚೂಣು. ಒಂದ್ ಹುಕ್ಕು ಹಚ್ಚಿದಾಕಿ ಒಂದ್ ಹಾರ್ಟ್ ಒತ್ತಬೇಕು. ಎಲ್ಲಾರದೂ ಬರೂತನಕ ನಾ ಮುಂದ ಹೋಗಂಗಿಲ್ಲ."

ಒಂದು ಜಂಪರಿನ ಹುಕ್ಕು ಬಿಚ್ಚಿ, ತಿರುಗಿ ಹಚ್ಚಿ ತೋರಿಸಿದಳು. ಆಮೇಲೆ ಒಂದು ಹಾರ್ಟು ಬಂತು. ಸೂಗಮ್ಮ ಹಲಗೆಯ ಅಂಚಿಗೆ ಒಂದು ಗೆರೆ ಎಳೆದರು. ಮತ್ತೆರಡು, ಮತ್ತೈದು, ಗೆರೆ ಎಳೆದೆಳೆದು ಅವರ ಬೆರಳೆಲ್ಲ ಬೆಳ್ಳಗಾದವು. ಓಡಿಹೋಗಿದ್ದವರೂ ಮರಳಿ ಪರದೆಯ ತುದಿಯಲ್ಲಿ ನೋಡುವವರ ಲೆಕ್ಕ ನಲವತ್ತೊಂದು ಎಂದಿತ್ತು, ಹಲಗೆಯ ಮೇಲೆ ನಲವತ್ತು ಗೆರೆಯಾಗಿ ನಿಂತಿತು.

"ಅತ್ತಿ, ಮುಂದ ಹೇಳ್ಲೇನು? ಮೂರಾದ್ರ ಎಲ್ಲಾರ ಗಂಡಂದಿರು ಎದ್ದುಬಿಡ್ತಾರ" ಎಂದು ನಾಗವೇಣಿ ಪಿಸುಗುಟ್ಟಿದಳು.

"ತಡಿ. ಒಬ್ಬಾಕಿ ಉಳದಾಳ. ಕೂಸು ಎದ್ದಿರಬೇಕು."

ನಾಗವೇಣಿ ಕತ್ತರಿ ಕೆಳಗಿಟ್ಟು ಸುಮ್ಮನೆ ಕೂತಳು. ಓಣಿಯಲ್ಲಿ ಹೋಗುವವರು ಈ ಮನೆಯ ಸದ್ದಡಗಿದ್ದು ಕಂಡು ಒಮ್ಮೆ ಇಣುಕಿ ಹೋದರು. ಐದು ನಿಮಿಷ ಕಳೆಯಿತು, ನಲವತ್ತೊಂದು ನಲವತ್ತೊಂದಾಗಿಯೇ ಇತ್ತು, ಯಾರೂ ಎದ್ದು ಹೋಗಲಿಲ್ಲ. ಆಮೇಲೆ ಸೂಗಮ್ಮ ಬಗ್ಗಿ, ಉಳಿದವಕ್ಕಿಂತ ಉದ್ದವಾಗಿ, ಕೊನೆಯ ಗೆರೆ ಎಳೆದರು.

"ಬಂದ್ಲು" ಎಂದರು. "ಈಗ ಹೇಳು."