ಹತ್ತು ಟಾಸ್, ಎಂಟು ಹೆಡ್ಸ್

ನಾಣ್ಯ ಮೇಲಕ್ಕೆ ಹೋಯಿತು. ಕಿಟಕಿಯ ಬಿಸಿಲಲ್ಲಿ ಒಮ್ಮೆ ಮಿನುಗಿ, ನಿಧಾನ ಕೆಳಗಿಳಿಯಿತು. ಮತ್ತೆ ಹೆಡ್ಸ್!

ಹತ್ತು ಸಲ ಟಾಸ್ ಮಾಡಿದರೆ ಎಂಟು ಸಲ ಹೆಡ್ಸ್. ಕಂಗಾಲಾದದ್ದು ಮಕ್ಕಳಲ್ಲ, ಟೀಚರ್.

ನಾಗರಬಾವಿ ಕಡೆಯ ಒಂದು ಶಾಲೆ, ಒಂಬತ್ತನೇ ಕ್ಲಾಸು. ಬಿ.ಎಡ್. ವಿದ್ಯಾರ್ಥಿನಿ ಸಾವಿತ್ರಿಯ ಪರೀಕ್ಷಾ ಪಾಠ. ವಿಷಯ ಸಂಭವನೀಯತೆ. ಹಿಂದಿನ ಬೆಂಚಿನಲ್ಲಿ ಅಂಕಪಟ್ಟಿ ಹಿಡಿದು ಕೂತ ಪರೀಕ್ಷಕ ನಾನೇ. (ರಿಟೈರಾದ ಗಣಿತದ ಮೇಷ್ಟ್ರನ್ನು ಇನ್ಯಾವುದಕ್ಕೆ ಕರೆಯುತ್ತಾರೆ ಹೇಳಿ?) ಸಾವಿತ್ರಿ ಬಾಗಲಕೋಟೆಯಿಂದ ಬಂದು ಇಲ್ಲೇ ಪಿಜಿಯಲ್ಲಿರುವ ಹುಡುಗಿ. ಹೋದ ವರ್ಷ ಫೇಲಾಗಿದ್ದಳು. ಈ ಸಲವೂ ಬಿದ್ದರೆ ಟೀಚರ್ ಆಗುವ ಆಸೆಯನ್ನೇ ಬಿಡಬೇಕು.

ಬೋರ್ಡಿನ ಪಕ್ಕ ಅವಳದೇ ಚಾರ್ಟು. ಸ್ಕೆಚ್ ಪೆನ್ನಿನಲ್ಲಿ ಮುದ್ದಾಗಿ ಬರೆದಿದ್ದಳು: ಹತ್ತು ಟಾಸ್, ಹೆಡ್ಸ್ ಐದು, ಟೇಲ್ಸ್ ಐದು. ಟಾಸ್ ಮಾಡುವ ಮೊದಲೇ ರಿಸಲ್ಟ್ ರೆಡಿ! ಬಿ.ಎಡ್.ನಲ್ಲಿ ನಾವೆಲ್ಲ ಮಾಡಿದ್ದೂ ಹೀಗೇ. ಚಾರ್ಟು ಹಿಂದಿನ ದಿನವೇ ತಯಾರಾಗಬೇಕಲ್ಲ?

ಮುಂದಿನ ಬೆಂಚಿನ ಹುಡುಗಿ ಎದ್ದಳು. "ಮಿಸ್, ಚಾರ್ಟಲ್ಲಿ ಐದು ಅಂತ ಇದೆ. ಕಾಯಿನ್ ಸರಿ ಇಲ್ವಾ?"

ಸಾವಿತ್ರಿ ನನ್ನ ಕಡೆ ನೋಡಿದಳು. ಫ್ಯಾನು ಸುಮ್ಮನೆ ತಿರುಗುತ್ತಿತ್ತು. ಹೊರಗೆ ಹೊಂಗೆಯ ನೆರಳು ತೂಗುತ್ತಿತ್ತು. ನಾನು ಎಲ್ಲೋ ಹೋಗಿಬಿಟ್ಟೆ. ಇಂಥದೇ ಬಿಸಿಲು, ಇಂಥದೇ ಕ್ಲಾಸು, ನನಗೆ ಇಪ್ಪತ್ತಮೂರು, ನನ್ನದೇ ಪರೀಕ್ಷಾ ಪಾಠ. ಆವತ್ತೂ ಬರೀ ಹೆಡ್ಸೇ ಬೀಳುತ್ತಿತ್ತು. ನಾನೇನು ಮಾಡಿದೆ ಗೊತ್ತೆ? ನಾಣ್ಯವನ್ನು ಅಂಗೈಯಲ್ಲಿ ಮುಚ್ಚಿ, ನಾನೊಬ್ಬನೇ ಇಣುಕಿ, "ಟೇಲ್ಸ್!" ಎಂದು ಕೂಗಿದೆ. ಲೆಕ್ಕ ಐದು-ಐದು ಆಗುವವರೆಗೂ ಹಾಗೇ. ಪರೀಕ್ಷಕರು ಬೆನ್ನು ತಟ್ಟಿ ಹೋದರು. (ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ. ನೀವೂ ಹೇಳಬೇಡಿ.)

"ಕಾಯಿನ್ ಸರಿ ಐತಿ. ನನ್ನ ಚಾರ್ಟ್ ತಪ್ಪೈತಿ."

ಸಾವಿತ್ರಿಯ ದನಿ ಕೇಳಿ ನನಗೆ ಎಚ್ಚರಾಯಿತು. (ಗಾಬರಿಯಲ್ಲಿ ಬಾಗಲಕೋಟೆ ಹೊರಬಂದಿತ್ತು.) ಎರಡೂ ಐದುಗಳನ್ನು ಹೊಡೆದುಹಾಕಿ ಎಂಟು, ಎರಡು ಎಂದು ಬರೆದಳು. "ನಾ ಟಾಸ್ ಮಾಡದ ಬರ್ದಿದ್ದೆ," ಎಂದಳು.

"ಹಂಗಾದ್ರೆ ಮುಂದಿಂದು ಟೇಲ್ಸೇ ಬೀಳತ್ತೆ ಅಲ್ವಾ ಮಿಸ್?"

"ಅದ್ಹೆಂಗ? ಹಿಂದ ಏನ್ ಬಿದ್ದಿತ್ತಂತ ಕಾಯಿನ್‌ಗೆ ನೆನಪಿರ್ತೈತೇನು? ಈಗೂ ಫಿಫ್ಟಿ-ಫಿಫ್ಟಿನೇ."

ನಾಣ್ಯ ಮತ್ತೆ ಮೇಲೇರಿತು. ನಿಜ ಹೇಳಲೆ? ಇಷ್ಟು ವರ್ಷ ಪಾಠ ಮಾಡಿದ ನಾನೂ ಮನಸ್ಸಿನಲ್ಲೇ ಟೇಲ್ಸ್, ಟೇಲ್ಸ್ ಎನ್ನುತ್ತಿದ್ದೆ. ಬಿದ್ದದ್ದು ಹೆಡ್ಸ್. ಮಕ್ಕಳೆಲ್ಲ ಹೋ ಎಂದು ನಕ್ಕರು. ಸಾವಿತ್ರಿಯೂ ನಕ್ಕಳು. ನನಗೆ ಮಾತ್ರ ಹೊಟ್ಟೆಕಿಚ್ಚಾಯಿತು.

ಅಂಕಪಟ್ಟಿಯಲ್ಲಿ ಒಂದು ಕಾಲಂ ಇದೆ: ಚಾರ್ಟು ತಪ್ಪಿಲ್ಲದೆ ಇದೆಯೇ? ಹತ್ತು ಅಂಕ. ಗೀಚಿ ಹೊಡೆದುಹಾಕಿದ ಆ ಚಾರ್ಟನ್ನು ಇನ್ನೊಮ್ಮೆ ನೋಡಿ, ಹತ್ತಕ್ಕೆ ಹತ್ತು ಬರೆದೆ.

ಸಾವಿತ್ರಿ ಗಣಿತದಲ್ಲಿ ಪಾಸಾದಳು. ಇಪ್ಪತ್ತಮೂರರಲ್ಲಿ ನಾನು ಪಾಸಾದದ್ದು ಯಾವ ಸಬ್ಜೆಕ್ಟಿನಲ್ಲಿ?