ಟೆಂಪೊಗೆ ಹುಯ್ದ ಕಪ್ಪು ಹಿಟ್ಟು

ನಮ್ಮ ಹೋಟೆಲಿನ ಟೆಂಪೊ ಓಡಿಸುವ ಚಾಚಾ ಗಾಡಿಯ ಹಿಂದಿನ ಬಾಡಿಯಲ್ಲಿ, ಚೆಲ್ಲಿದ ಸಾಂಬಾರಿನ ಮೇಲೆ ಕಾಲು ಜಾರಿ ಬಿದ್ದರು. ಬಲಗೈ ಮಣಿಕಟ್ಟಿನ ಎಲುಬು ಸೀಳು ಬಿಟ್ಟಿತು. ಈ ಸುದ್ದಿಯನ್ನು ನಾನು ಮುಂಬಯಿಯ ಗೋರೆಗಾಂವ್‌ನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಹೇಳಿದಾಗಲೆಲ್ಲ ಕೊನೆಗೆ, "ತಗಡು ಸವೆದು ನುಣ್ಣಗಾಗಿದೆ, ಜಾರದೆ ಏನು ಮಾಡೀತು" ಎಂದು ಸೇರಿಸುತ್ತಿದ್ದೆ. ಸೇರಿಸದೆ ನುಂಗಿಕೊಂಡದ್ದು ಒಂದೇ ಸಂಗತಿ. ಅವರು ಬೀಳುವ ಗಳಿಗೆಯಲ್ಲಿ ಡ್ರೈವರ್ ಸೀಟಿನಲ್ಲಿ ಕುಳಿತು ಉದ್ದಕ್ಕೆ ಹಾರನ್ ಒತ್ತಿದವನು ನಾನು.

ಚಾಚಾ ವಿಜಯಪುರದ ಕಡೆಯವರು, ಅರವತ್ತರ ಹತ್ತಿರದವರು. ಹದಿನೈದು ವರ್ಷಗಳಿಂದ ಬೆಳಗ್ಗೆ ಇಡ್ಲಿ, ವಡೆ, ಸಾಂಬಾರು ಹೇರಿಕೊಂಡು ಶೂಟಿಂಗ್ ಸೆಟ್‌ಗಳಿಗೂ ಆಫೀಸು ಕ್ಯಾಂಟೀನುಗಳಿಗೂ ಮುಟ್ಟಿಸುತ್ತಿದ್ದವರು. ಯಾವ ಸೆಟ್ಟಿನವರಿಗೆ ಚಟ್ನಿ ಖಾರ ಬೇಕು, ಯಾವ ವಾಚ್‌ಮನ್‌ಗೆ ಎರಡು ವಡೆ ಕೊಟ್ಟರೆ ಗೇಟು ಬೇಗ ತೆರೆಯುತ್ತದೆ, ಎಲ್ಲ ಅವರ ತಲೆಯಲ್ಲೇ ಇತ್ತು. ನಾನು ಉಡುಪಿ ಕಡೆಯವನು, ಅಪ್ಪ ಕಟ್ಟಿದ ಹೋಟೆಲಿನ ಗಲ್ಲೆಯ ಮೇಲೆ ಕುಳಿತು ಮಾಲಕ ಅನ್ನಿಸಿಕೊಂಡವನು. ಆ ದಿನ ಒಂದು ಸೆಟ್ಟಿನವರು ತಿಂಡಿ ತಡವಾಗುತ್ತಿದೆ ಎಂದು ದೂರಿದ್ದರಿಂದ, ತಡ ಯಾಕಾಗುತ್ತದೆ ನೋಡುತ್ತೇನೆ ಎಂದು ನಾನೂ ಗಾಡಿ ಹತ್ತಿದ್ದೆ. ಗೇಟಿನ ಹತ್ತಿರ ಚಾಚಾ ಹಿಂದೆ ಹತ್ತಿ ಸಾಂಬಾರಿನ ಟೋಪು, ಅಂದರೆ ದೊಡ್ಡ ಪಾತ್ರೆ, ಎಳೆಯುತ್ತಿದ್ದರು. ನಮ್ಮ ಹಿಂದೆ ಲೈಟಿನ ಸಾಮಾನು ಹೊತ್ತ ಲಾರಿಗಳು ಕಿರುಚುತ್ತಿದ್ದವು. ಬೇಕಾದರೆ ಗಾಡಿ ಸರಿಸೋಣ ಎಂದು ನಾನು ಸ್ಟಿಯರಿಂಗಿನ ಹಿಂದೆ ಕುಳಿತೆ. ಕುಳಿತ ಮೇಲೆ ಕೈ ಸುಮ್ಮನಿರಬೇಕಲ್ಲ. ಎದುರಿಗೆ ಯಾರೂ ಇರಲಿಲ್ಲ. ಆ ಹಾರನ್ ಚಾಚಾನಿಗೇ ಇತ್ತು, ಬೇಗ ಬೇಗ ಅಂತ. ಅವರು ಬೆಚ್ಚಿ ತಿರುಗಿದರು, ಕಾಲು ಜಾರಿತು.

ಮಾರನೇ ವಾರ ಬಾಳೆಹಣ್ಣು, ಹೋಟೆಲಿನ ಮೈಸೂರುಪಾಕು ಹಿಡಿದುಕೊಂಡು ದಹಿಸರ್‌ನಲ್ಲಿ ಅವರ ಮಗಳ ಮನೆಗೆ ಹೋದೆ. ಕೈಗೆ ಪ್ಲಾಸ್ಟರು ಹಾಕಿಕೊಂಡು ಕಿಟಕಿಯ ಬಳಿ ಕೂತಿದ್ದರು. ಮಗಳು ಚಹಾ ಕೊಟ್ಟು ಒಳಗೆ ಹೋದಳು.

"ಕೈ ಗುಣ ಆದ ಮೇಲೆ ಬರ್ತೀರಲ್ಲ ಚಾಚಾ?" ಎಂದೆ.

ಅವರು ಕಿಟಕಿಯ ಹೊರಗೆ ನೋಡುತ್ತ, "ಬ್ಯಾಡ್ರಿ ಶೇಟ್ರ. ಆ ಬಾಡಿಯಾಗ ಇನ್ನ ನಾ ಕಾಲಿಡಂಗಿಲ್ಲ. ಗಾಡಿ ಬ್ಯಾರೆದವ್ರಿಗಿ ಕೊಡ್ರಿ," ಎಂದರು.

ನನಗೆ ನಿಜವಾಗಿ ಭಯವಾಯಿತು. ಚಾಚಾ ಇಲ್ಲದೆ ಬೆಳಗಿನ ಆ ಓಡಾಟ ನಡೆಯುವುದಿಲ್ಲ ಎನ್ನುವುದು ಒಂದು. ಅದಕ್ಕಿಂತ ಹೆಚ್ಚಾಗಿ, ಈ ಮನುಷ್ಯ ಹೀಗೆ ಮುಖ ತಿರುಗಿಸಿಕೊಂಡು ಹೋಗಿಬಿಟ್ಟರೆ ಆ ಹಾರನ್ ನನ್ನ ಕಿವಿಯಲ್ಲಿ ಉಳಿದುಬಿಡುತ್ತದೆ ಅನ್ನಿಸಿತು. ಅವರನ್ನು ವಾಪಸು ಕರೆತರಲೇಬೇಕು. ಅಲ್ಲೇ ಬಾಯಿಬಿಟ್ಟು ಎರಡು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಚಹಾ ಕುಡಿದೆ, ಕಪ್ಪು ಕೆಳಗಿಟ್ಟೆ, "ಬಾಡಿಯ ವಿಷಯ ನನಗೆ ಬಿಡಿ ಚಾಚಾ, ಜಾರದ ಹಾಗೆ ಮಾಡಿಸ್ತೇನೆ," ಎಂದು ಎದ್ದು ಬಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿದರು. ಆ ನೋಟವನ್ನು ನಾನು ಕೃತಜ್ಞತೆ ಎಂದುಕೊಂಡೆ. ಅಷ್ಟು ಜಾಣ ನಾನು.

ಲೋಕಲ್ ಟ್ರೇನಿನಲ್ಲಿ ಮನೆಗೆ ಬರುವಷ್ಟರಲ್ಲಿ ನಾನು ಬೆಡ್ ಲೈನರ್, ಅಂದರೆ ಗಾಡಿಯ ಬಾಡಿಗೆ ಹಾಕುವ ಜಾರದ ಒಳಪದರದ ತಜ್ಞನಾಗಿದ್ದೆ. ಮೊಬೈಲಿನಲ್ಲಿ ವಿದೇಶದ ದಪ್ಪ ತೋಳಿನ ಗಂಡಸರು ತಮ್ಮ ಮನೆಯಂಗಳದಲ್ಲಿ ನಿಂತು ತಮ್ಮ ಗಾಡಿಗಳಿಗೆ ತಾವೇ ಲೈನರ್ ಹಚ್ಚುತ್ತಿದ್ದರು. ಮನೆಯ ಮುಂದೆ ಇಡೀ ಟ್ರಕ್ಕು ನಿಲ್ಲಿಸುವಷ್ಟು ಅಂಗಳ ಇರುವವರು ಆ ವಿಡಿಯೊ ಮಾಡಿದ್ದರೆಂಬುದು ನನಗೆ ಹೊಳೆಯಲಿಲ್ಲ. ಮೊದಲು ರಬ್ಬರಿನ ಚಾಪೆ ಹಾಸುವುದೆಂದು ಯೋಚಿಸಿದೆ. ಆದರೆ ಚಾಪೆಯ ಅಡಿಗೆ ಸಾಂಬಾರು ಇಳಿದರೆ ಮೂರನೇ ದಿನಕ್ಕೆ ಗಾಡಿ ನಾರುತ್ತದೆ. ಉಬ್ಬು ಗೆರೆಯ ಅಲ್ಯೂಮಿನಿಯಂ ತಗಡು ನೋಡಿದೆ. ಎಣ್ಣೆ ಬಿದ್ದರೆ ಅದೂ ಜಾರುತ್ತದೆ. ಒಳಗೆ ಕೂರಿಸುವ ಪ್ಲಾಸ್ಟಿಕ್ ತೊಟ್ಟಿ ದೊಡ್ಡ ಗಾಡಿಗಳಿಗೆ ಮಾತ್ರ ಸಿಗುತ್ತಿತ್ತು. ಗ್ಯಾರೇಜಿನಲ್ಲಿ ಸ್ಪ್ರೇ ಹೊಡೆಸಬಹುದಿತ್ತು. ಆದರೆ ಬೇರೆಯವರ ಕೈಯಲ್ಲಿ ಮಾಡಿಸಿದರೆ ಪ್ರಾಯಶ್ಚಿತ್ತ ಹೇಗಾಗುತ್ತದೆ? ನಾನೇ ಬೆವರು ಸುರಿಸಬೇಕು, ಚಾಚಾ ಅದನ್ನು ನೋಡಬೇಕು. ಹಾಗಾಗಿ ಎರಡು ಡಬ್ಬಿ ಬೆರೆಸಿ ರೋಲರಿನಲ್ಲಿ ಹಚ್ಚುವ ಕಪ್ಪು ಲೈನರನ್ನೇ ಆರಿಸಿಕೊಂಡೆ. ಅದರೊಳಗೆ ರಬ್ಬರಿನ ಪುಡಿ ಇರುತ್ತದೆ. ಒಣಗಿದ ಮೇಲೆ ತರಿತರಿಯಾಗಿ ಕಾಲು ಹಿಡಿಯುತ್ತದೆ.

ಗ್ರಾಂಟ್ ರೋಡಿನ ಬಣ್ಣದ ಅಂಗಡಿಯವನು ಡಬ್ಬಿಗಳನ್ನು ಕಾಗದದಲ್ಲಿ ಸುತ್ತುತ್ತ, "ಹಾಥ್ ಸೆ ಕರೋಗೆ ಸೇಠ್? ಕಾರೀಗರ್ ಭೇಜೂಂ ಕ್ಯಾ?" ಎಂದ, ನೀವೇ ಕೈಯಾರೆ ಮಾಡ್ತೀರಾ, ಕೆಲಸಗಾರನನ್ನು ಕಳಿಸಲಾ ಅಂತ. ಜೀವಮಾನವೆಲ್ಲ ಹಿಟ್ಟಿನ ಹದ ನೋಡಿದ ಕೈ ಇದು ಎಂದು ಅವನಿಗೆ ಹಿಂದಿಯಲ್ಲಿ ವಿವರಿಸಿದೆ. ಅವನು ನಯವಾಗಿ ತಲೆಯಾಡಿಸಿ ಮುಂದಿನ ಗಿರಾಕಿಯ ಕಡೆ ತಿರುಗಿದ.

ನನ್ನ ಹೆಂಡತಿಗೆ ಡಬ್ಬಿಗಳನ್ನು ತೋರಿಸಿದೆ. ಅವಳು ಹೂ ಕಟ್ಟುತ್ತಿದ್ದಳು, ತಲೆಯೆತ್ತಲಿಲ್ಲ. "ಗಾಡಿಯಲ್ಲಿ ಆವತ್ತು ನೀವೂ ಇದ್ರಿ ಅಲ್ವಾ?" ಎಂದಳು. ಹೂಂ ಎಂದೆ. "ಕುಣಿಲಿಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ. ನೀವು ನೆಲ ರಿಪೇರಿಗೇ ಹೊರಟಿದ್ದೀರಿ ಮಾರಾಯ್ರೆ," ಎಂದು ದಾರ ಕಚ್ಚಿ ತುಂಡು ಮಾಡಿದಳು. ಮೂವತ್ತು ವರ್ಷ ಜೊತೆಗೆ ಬಾಳಿದವರಿಗೆ ತಪ್ಪು ಯಾರದೆಂದು ತಿಳಿಯಲು ಹಾರನ್ ಕೇಳಿಸಲೇಬೇಕೆಂದೇನೂ ಇಲ್ಲ. ನನಗೆ ಚುರುಕ್ಕೆಂದಿತು. ಆದರೂ ಡಬ್ಬಿಗಳನ್ನು ಎತ್ತಿಕೊಂಡು ಹೊರಟೆ.

ಹೋಟೆಲಿನ ಹಿಂದಿನ ಓಣಿಯಲ್ಲಿ ಟೆಂಪೊ ನಿಲ್ಲಿಸಿ ಎರಡು ದಿನ ತುಕ್ಕು ಉಜ್ಜಿದೆ. ವರ್ಷಗಟ್ಟಲೆ ಹುಳಿ ಹಿಟ್ಟು, ಸಾಂಬಾರು ಕುಡಿದ ತಗಡು. ತಂತಿಯ ಬ್ರಷ್ಷಿನಲ್ಲಿ ಉಜ್ಜಿದ್ದು, ಸ್ಯಾಂಡ್ ಪೇಪರಿನಲ್ಲಿ ತಿಕ್ಕಿದ್ದು, ಥಿನ್ನರಿನಲ್ಲಿ ಒರೆಸಿದ್ದು, ಎಲ್ಲ ಕ್ರಮವಾಗಿಯೇ ಮಾಡಿದೆ. ಸೊಂಟ ಹಿಡಿಯಿತು. ಬಿಲ್ಡಿಂಗಿನವರು ಬಾಲ್ಕನಿಗೆ ಬಂದು ನೋಡಿದರು. ಗಲ್ಲೆಯ ಶೇಟ್ರು ಚಡ್ಡಿಯಲ್ಲಿ ಟೆಂಪೊ ತಿಕ್ಕುವುದನ್ನು ಅವರು ಹಿಂದೆ ಕಂಡಿರಲಿಲ್ಲ. ನನಗೇನೋ ಒಂದು ಬಗೆಯ ಪುಣ್ಯ ಜಮೆಯಾಗುತ್ತಿರುವಂತೆ ಅನ್ನಿಸುತ್ತಿತ್ತು.

ಮೂರನೇ ದಿನ ಬೆಳಗ್ಗೆ ಕಾಲೇಜಿಗೆ ಹೊರಟಿದ್ದ ನನ್ನ ಮಗಳು ಡಬ್ಬಿಯ ಮೇಲಿದ್ದುದನ್ನು ಓದಿ, "ಪಪ್ಪಾ, ಇದು ಮಿಕ್ಸ್ ಮಾಡಿದ್ ಮೇಲೆ ಜಲ್ದಿ ಹಚ್ಚಬೇಕು. ರುಕ್ನೇ ಕಾ ನಹೀ. ಗಟ್ಟಿ ಆಗಿ ಹೋಗ್ತದೆ," ಎಂದಳು.

"ಬೆರೆಸೋದು ನನಗೆ ಕಲಿಸ್ತೀಯಾ ಮಗಾ?" ಎಂದು ನಕ್ಕು ಕಳಿಸಿದೆ.

ದೊಡ್ಡ ಡಬ್ಬಿಯ ಕಪ್ಪು ದ್ರವವನ್ನು ಹಿಟ್ಟಿನ ಹಳೆಯ ಟೋಪಿನೊಳಗೆ ಸುರಿದೆ. ಚಿಕ್ಕ ಡಬ್ಬಿಯ ಗಟ್ಟಿ ಮಾಡುವ ದ್ರಾವಣವನ್ನೂ ಹುಯ್ದೆ. ದೊಡ್ಡ ಸೌಟು ಹಾಕಿ ಒಂದೇ ದಿಕ್ಕಿಗೆ ತಿರುಗಿಸಿದೆ, ಎತ್ತಿ ಸುರಿದು ಧಾರೆ ನೋಡಿದೆ. ಹದ ಚೆನ್ನಾಗಿತ್ತು, ಸೆಟ್ ದೋಸೆಗೆ ಹೇಳಿ ಮಾಡಿಸಿದಂತೆ. ಆಮೇಲೆ ನಮ್ಮ ಕಡೆಯ ಯಾವ ಹೋಟೆಲಿನವನಾದರೂ ಮಾಡುವುದನ್ನೇ ಮಾಡಿದೆ. ಸೌಟನ್ನು ಒಳಗೇ ಬಿಟ್ಟು, ಮುಚ್ಚಳ ಓರೆಯಾಗಿ ಮುಚ್ಚಿ, ಸ್ವಲ್ಪ ಹೊತ್ತು ಕೂರಲಿ ಎಂದು ಬಿಟ್ಟೆ. ಕಲಸಿದ್ದನ್ನು ಕಲಸಿದ ಕೂಡಲೇ ಹುಯ್ಯುವವನು ಅಡುಗೆಯವನೇ ಅಲ್ಲ, ಅದು ನನ್ನಪ್ಪನ ಮಾತು. ಹೋಟೆಲಿಗೆ ಹೋಗಿ ಕಾಫಿ ಕುಡಿದೆ, ಪೇಪರ್ ಓದಿದೆ, ತರಕಾರಿಯವನ ಜೊತೆ ಟೊಮೆಟೊ ವಿಷಯದಲ್ಲಿ ಜಗಳವಾಡಿದೆ. ನಡುವೆ ಒಮ್ಮೆ ಬಂದು ಟೋಪು ಮುಟ್ಟಿ ನೋಡಿದಾಗ ಬೆಚ್ಚಗಿತ್ತು. ಒಳ್ಳೆಯ ಲಕ್ಷಣ, ಹುಳಿ ಬರುತ್ತಿದೆ ಎಂದುಕೊಂಡು ಮತ್ತೆ ಹೋದೆ.

ಒಂದೂವರೆ ತಾಸಿನ ನಂತರ ಮುಚ್ಚಳ ತೆಗೆದರೆ ಸೌಟು ನೆಟ್ಟಗೆ ನಿಂತಿತ್ತು. ಎಳೆದೆ. ಸೌಟಿನ ಜೊತೆ ಟೋಪು ಎದ್ದು ಬಂತು. ಎರಡನ್ನೂ ನೆಲಕ್ಕೆ ಕುಕ್ಕಿದೆ, ಕಲ್ಲಿಗೆ ಕಲ್ಲು ಬಡಿದ ಸದ್ದಾಯಿತು. ಅಡುಗೆಮನೆಯ ಮುಖ್ಯ ಭಟ್ಟರು ಹೊರಗೆ ಬಂದು, ಬಗ್ಗಿ ನೋಡಿ, "ಉದ್ದು ಹೆಚ್ಚಾಯ್ತಾ ಎಂತದು?" ಎಂದು ಕೇಳಿದರು. ಅವರು ತಮಾಷೆ ಮಾಡುತ್ತಿದ್ದರೋ, ನಿಜಕ್ಕೂ ಕೇಳಿದರೋ, ಇವತ್ತಿಗೂ ನನಗೆ ಖಾತ್ರಿಯಿಲ್ಲ.

ಮತ್ತೆ ಗ್ರಾಂಟ್ ರೋಡು. ಅಂಗಡಿಯವನು ಏನೂ ಕೇಳದೆ ಹೊಸ ಡಬ್ಬಿಗಳನ್ನು ಕೊಟ್ಟದ್ದು ಅವನ ದೊಡ್ಡಗುಣ. ಈ ಸಲ ಅರ್ಧ ಬೆರೆಸಿದ್ದೇ ತಡ, ಬೆನ್ನಟ್ಟಿ ಬಂದವರಿಂದ ತಪ್ಪಿಸಿಕೊಳ್ಳುವವನಂತೆ ರೋಲರ್ ಓಡಿಸಿದೆ. ಮೊದಲ ಕೈ ಒಣಗಿಸಿ, ಉಳಿದರ್ಧ ಬೆರೆಸಿ ಎರಡನೇ ಕೈ ಹಚ್ಚಿದೆ. ಅವಸರದಲ್ಲಿ ಒಂದು ಮೂಲೆ ನೀರುದೋಸೆಯಷ್ಟು ತೆಳುವಾಯಿತು, ಇನ್ನೊಂದು ಮೂಲೆ ಉತ್ತಪ್ಪದಷ್ಟು ದಪ್ಪವಾಯಿತು. ನನ್ನ ಎಡಗಾಲಿನ ಹೆಬ್ಬೆರಳು ಬಹಳ ದಿನ ಕಪ್ಪಾಗಿಯೇ ಇತ್ತು. ವಾಸನೆ ಹೋಗುವ ತನಕ, ಸುಮಾರು ಹತ್ತು ದಿನ, ಬಾಡಿಗೆ ಟೆಂಪೊದಲ್ಲಿ ತಿಂಡಿ ಕಳಿಸಿದೆವು. ಆ ಡ್ರೈವರು ಪ್ರತಿದಿನ ಬೇರೆ ಬೇರೆ ಗೇಟಿನ ಮುಂದೆ ದಾರಿ ತಪ್ಪಿದ. ಅಂತೂ ಒಣಗಿದ ಮೇಲೆ ನಾನೇ ಬರಿಗಾಲಲ್ಲಿ ಹತ್ತಿ, ನೀರು ಸುರಿದು, ಆಮೇಲೆ ಎಣ್ಣೆ ಸುರಿದು ಕುಣಿದು ನೋಡಿದೆ. ಜಾರಲಿಲ್ಲ. ನೆಲದ ಡೊಂಕು ಪೂರಾ ಹೋಗಿತ್ತು.

ಪ್ಲಾಸ್ಟರು ಬಿಚ್ಚಿದ ಮೇಲೆ ಚಾಚಾನಿಗೆ ಫೋನು ಮಾಡಿ, ಬಂದು ನೋಡಿಯಾದರೂ ಹೋಗಿ ಎಂದು ಗೋಗರೆದೆ. ಒಂದು ಮಧ್ಯಾಹ್ನ ಬಂದರು. ಬಲಗೈ ಸಣಕಲಾಗಿತ್ತು. ಮೊದಲು ಅವರ ಕಣ್ಣಿಗೆ ಬಿದ್ದದ್ದು ಗೋಡೆಯ ಪಕ್ಕದಲ್ಲಿದ್ದ ಟೋಪು, ಅದರೊಳಗೆ ನೆಟ್ಟಗೆ ನಿಂತ ಸೌಟು.

"ಇದೇನ್ರಿ ಶೇಟ್ರ?"

ಕತೆ ಹೇಳಿದೆ. ಬಾಯಿ ಮುಚ್ಚಿಕೊಂಡು ನಗಲು ನೋಡಿದರು, ಆಗಲಿಲ್ಲ, ಗೋಡೆಗೆ ಒರಗಿ ನಕ್ಕರು. ಆಮೇಲೆ ಚಪ್ಪಲಿ ಬಿಟ್ಟು, ಬಾಡಿಯ ಅಂಚಿನಲ್ಲಿ ಕೂತು, ಒಂದು ಪಾದವನ್ನು ಲೈನರಿನ ಮೇಲೆ ಇಟ್ಟು ಉಜ್ಜಿ ನೋಡಿದರು.

"ಚಲೋ ಮಾಡೀರಿ. ಜಾರಂಗಿಲ್ಲ," ಎಂದರು. ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಅವರು ಇಳಿದು ಚಪ್ಪಲಿ ಮೆಟ್ಟಿಕೊಂಡರು. "ಬರ್ತೀನ್ರಿ ಹಂಗಾರ. ಹೊಸಾ ಡ್ರೈವರಗ ಚಲೋ ಆತು."

ಅವರು ಓಣಿಯ ತುದಿಯ ತನಕ ನಡೆದರು. ಅಷ್ಟು ಉಜ್ಜಿದ್ದು, ಹಚ್ಚಿದ್ದು, ಎರಡು ಸಲ ಗ್ರಾಂಟ್ ರೋಡಿಗೆ ಹೋದದ್ದು, ಎಲ್ಲವೂ ಯಾತಕ್ಕೆ ಎಂದು ನನಗೆ ಆಗ ಅರ್ಥವಾಯಿತು. ಎರಡು ಮಾತು ಹೇಳದೆ ತಪ್ಪಿಸಿಕೊಳ್ಳಲು ನಾನು ಎರಡು ಸಲ ಟೆಂಪೊಗೆ ಬಣ್ಣ ಕೊಂಡಿದ್ದೆ. ನಾಚಿಕೆಯಾಯಿತು. ಓಡಿದೆ. ಐವತ್ತೈದರ ಹೊಟ್ಟೆ ಹೊತ್ತುಕೊಂಡು ಓಡುವುದು ನೋಡಲು ಚೆನ್ನಾಗಿರುವುದಿಲ್ಲ, ಬಾಲ್ಕನಿಯವರು ಮತ್ತೆ ಹೊರಗೆ ಬಂದರು.

"ಚಾಚಾ," ಎಂದೆ ಏದುಸಿರು ಬಿಡುತ್ತ. "ನೆಲದ್ದಲ್ಲ ತಪ್ಪು. ಆ ದಿನ ಹಾರನ್ ಒತ್ತಿದ್ದು ನಾನು. ನಿಮ್ಮನ್ನು ಅವಸರ ಮಾಡ್ಲಿಕ್ಕೆ ಒತ್ತಿದ್ದು. ನೀವು ಬಿದ್ದದ್ದು ನನ್ನಿಂದ."

"ಗೊತ್ತದರಿ," ಎಂದರು ಚಾಚಾ. "ಗಾಡಿಯಾಗ ನೀವೊಬ್ರ ಇದ್ರಿ. ಹದಿನೈದು ವರ್ಷ ನಾ ಒತ್ತಿದ ಹಾರನ್ ಅದು, ನನಗ ಗೊತ್ತಾಗಂಗಿಲ್ಲೇನು?"

"ಮತ್ತೆ ಆವತ್ತೇ ಯಾಕೆ ಹೇಳಲಿಲ್ಲ?"

"ನೀವ ಹೇಳ್ತೀರಿ ಅಂತ ಕುಂತಿದ್ದೆ. ನೀವು ಮೈಸೂರುಪಾಕ ಕೊಟ್ಟು ಬಾಡಿ ಸುದ್ದಿ ಹೇಳಿ ಹ್ವಾದ್ರಿ."

ನನಗೆ ಕಣ್ಣು ತುಂಬಿತು. ಅವರು ನನ್ನ ಉಸಿರು ಹದಕ್ಕೆ ಬರುವ ತನಕ ಕಾದರು. ಆಮೇಲೆ ಎಡಗೈ ಚಾಚಿ, "ಚಾವಿ ಕೊಡ್ರಿ," ಎಂದರು.

ಅವರ ಮಣಿಕಟ್ಟಿಗೆ ಭಾರ ಎತ್ತುವ ಶಕ್ತಿ ಇನ್ನೂ ಬಂದಿಲ್ಲ. ಹಾಗಾಗಿ ಈಗ ಬೆಳಗ್ಗೆ ಗಾಡಿ ಓಡಿಸುವವರು ಅವರು, ಹಿಂದೆ ಹತ್ತಿ ಟೋಪು ಎಳೆಯುವವನು ನಾನು. ಹತ್ತಲು ಮೆಟ್ಟಿಲಾಗಿ ಆ ಕಲ್ಲಾದ ಟೋಪನ್ನೇ ಗಾಡಿಯಲ್ಲಿ ಇಟ್ಟುಕೊಂಡಿದ್ದೇನೆ, ಗೇಟಿನಲ್ಲಿ ಕೆಳಗಿಟ್ಟು ಸೌಟನ್ನು ಹಿಡಿದು ಕಾಲೆತ್ತುತ್ತೇನೆ. ನಾನು ಬಹಳ ನಿಧಾನ. ಸೆಟ್ಟಿನ ಗೇಟಿನಲ್ಲಿ ಹಿಂದಿನ ಲಾರಿಗಳು ಒಂದೇ ಸಮನೆ ಕಿರುಚುತ್ತವೆ, ವಾಚ್‌ಮನ್ ಕೂಗುತ್ತಾನೆ, ಸಾಂಬಾರು ತುಳುಕುತ್ತದೆ. ಚಾಚಾ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಸೀಟಿನಲ್ಲಿ ಸುಮ್ಮನೆ ಕೂತಿರುತ್ತಾರೆ. ಇದುವರೆಗೆ ಒಂದು ಸಲವೂ ಹಾರನ್ ಒತ್ತಿಲ್ಲ.